ಮೀನಿನ ಟ್ಯಾಂಕಿಗೆ ಆಕ್ಸಿಜನ್ ಮೋಟರ್ ಬೇಕೇ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಮನೆ ಚಾವಡಿಯಲ್ಲಿ ಮೂರು ಟ್ಯಾಂಕ್ ಇವೆ. ಒಂದಕ್ಕೆ ಏರ್ ಮೋಟರ್, ಇನ್ನೊಂದಕ್ಕೆ ಅಂಚಿಗೆ ನೇತುಹಾಕುವ ಫಿಲ್ಟರ್, ಮೂರನೆಯದಕ್ಕೆ ಏನೂ ಇಲ್ಲ, ಬರೀ ಗಿಡ ಮತ್ತು ಒಂಬತ್ತು ಗಪ್ಪಿ. ಮನೆಗೆ ಬಂದವರ ಕಣ್ಣು ಮೊದಲು ಬೀಳುವುದು ಆ ಮೂರನೆಯದರ ಮೇಲೆ. "ಇದಕ್ಕೆ ಮೋಟರ್ ಹಾಕಿಲ್ವಾ? ಮೀನು ಸಾಯಲ್ವಾ?" ಅಂತ ಕೇಳುತ್ತಾರೆ. ಹೊಸದಾಗಿ ಟ್ಯಾಂಕ್ ತಂದ ನೆಂಟರು, ಪಕ್ಕದ ಮನೆಯವರು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸಿ ಕೇಳುವುದೂ ಹೆಚ್ಚುಕಮ್ಮಿ ಇದನ್ನೇ. ಪ್ರತಿ ಸಲ ಟೈಪ್ ಮಾಡಿ ಬೆರಳು ನೋವು ಬಂತು. ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೋಟರ್ ಇಲ್ಲದೆ ಮೀನು ಬದುಕುತ್ತಾ?

ಬದುಕುತ್ತದೆ. ಟ್ಯಾಂಕಿನಲ್ಲಿ ಮೀನು ಮಿತವಾಗಿದ್ದು, ನೀರಿನ ಮೇಲ್ಮೈ ಬೇರೆ ಯಾವುದರಿಂದಲಾದರೂ ಅಲುಗುತ್ತಿದ್ದರೆ ಮೋಟರ್ ಬೇಕಾಗಿಲ್ಲ. ನನ್ನ ಗಪ್ಪಿ ಟ್ಯಾಂಕಿನ ಹಾಗೆ ಬರೀ ಗಿಡ ಇರುವುದರ ಮಾತು ಕೆಳಗೆ ಬರುತ್ತದೆ.

ಗೊಂದಲ ಶುರುವಾಗಿದ್ದೇ ಹೆಸರಿನಿಂದ. ಅಂಗಡಿಯಲ್ಲಿ ಎಲ್ಲರೂ ಅದನ್ನು "ಆಕ್ಸಿಜನ್ ಮೋಟರ್" ಅನ್ನುತ್ತಾರೆ. ಅದರೊಳಗೆ ಆಕ್ಸಿಜನ್ ತಯಾರಾಗುವುದಿಲ್ಲ. ಒಂದು ಸಣ್ಣ ರಬ್ಬರ್ ತುಂಡು ಪಟಪಟ ಬಡಿದುಕೊಂಡು, ನಾವು ಉಸಿರಾಡುವ ಗಾಳಿಯನ್ನೇ ಟ್ಯೂಬಿನೊಳಗೆ ತಳ್ಳುತ್ತದೆ, ಅಷ್ಟೆ.

ಹಾಗಾದರೆ ಆ ಗುಳ್ಳೆಗಳಿಂದ ಏನು ಲಾಭ?

ಲಾಭ ಇದೆ, ನಾವು ಅಂದುಕೊಂಡ ದಾರಿಯಲ್ಲಿ ಅಲ್ಲ. ಒಂದಡಿ ಆಳದ ಟ್ಯಾಂಕಿನಲ್ಲಿ ಗುಳ್ಳೆ ತಳದಿಂದ ಮೇಲೆ ಬರಲು ಒಂದೆರಡು ಸೆಕೆಂಡ್ ಸಾಕು. ಅಷ್ಟರಲ್ಲಿ ಅದರಿಂದ ನೀರಿಗೆ ಇಳಿಯುವ ಆಕ್ಸಿಜನ್ ತೀರಾ ಸ್ವಲ್ಪ. ಆದರೆ ಗುಳ್ಳೆಗಳ ಸಾಲು ಮೇಲೇರುವಾಗ ತಳದ ನೀರನ್ನೂ ಜೊತೆಗೆ ಎಳೆದು ತರುತ್ತದೆ. ಮೇಲೆ ಬಂದು ಒಡೆದಾಗ ನೀರಿನ ಮುಖ ಕದಡುತ್ತದೆ. ಗಾಳಿಯ ಆಕ್ಸಿಜನ್ ನೀರಿಗೆ ಇಳಿಯುವುದು, ಮೀನು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವುದು ಬಹುಪಾಲು ಅಲ್ಲೇ, ಮೇಲ್ಮೈಯಲ್ಲೇ.

ನೀರಿನೊಳಗೆ ಎಷ್ಟು ಆಕ್ಸಿಜನ್ ಹಿಡಿಸುತ್ತದೆ ಅಂತ ಒಮ್ಮೆ ನೋಡಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಕ್ಸಿಜನ್ ಇರುತ್ತದೆ. ಒಂದು ಲೀಟರ್ ನೀರಿಗೆ 25 ಡಿಗ್ರಿ ಬಿಸಿಯಲ್ಲಿ ಹಿಡಿಸುವುದು 8.3 ಮಿಲಿಗ್ರಾಂ ಮಾತ್ರ. ಮೀನಿನ ಬದುಕು ಅಷ್ಟು ಬಿಗಿ ಕೈಯದು. ಹಾಗಾಗಿ ಖರ್ಚಾದದ್ದು ಮೇಲಿನಿಂದ ಬೇಗ ತುಂಬುತ್ತಾ ಇರಬೇಕು.

ನಿಮ್ಮ ಟ್ಯಾಂಕಿನಲ್ಲಿ ಅದು ಆಗುತ್ತಿದೆಯಾ ಅಂತ ತಿಳಿಯಲು ಯಾವ ಮೀಟರೂ ಬೇಡ. ಮೀನಿನ ಫುಡ್ಡಿನ ಒಂದು ಸಣ್ಣ ಚೂರನ್ನು ಒಂದು ಮೂಲೆಯಲ್ಲಿ ನೀರಿನ ಮೇಲೆ ಬಿಡಿ. ಅದು ಸರಸರ ಓಡಾಡಿದರೆ ನೀರು ತಿರುಗುತ್ತಿದೆ ಅಂತ ಲೆಕ್ಕ. ಮೀನು ಬಂದು ನುಂಗುವವರೆಗೂ ಬಿದ್ದಲ್ಲೇ ಕೂತಿದ್ದರೆ ಯೋಚನೆ ಮಾಡಬೇಕು.

ಫಿಲ್ಟರ್ ಇದೆ. ಮೋಟರೂ ಬೇಕಾ?

ಯಾವ ಫಿಲ್ಟರ್ ಅನ್ನುವುದರ ಮೇಲೆ ಹೋಗುತ್ತದೆ.

ಅಂಚಿಗೆ ನೇತುಹಾಕುವ ಫಿಲ್ಟರ್ ನೀರನ್ನು ಜಲಪಾತದ ಹಾಗೆ ಮೇಲಿನಿಂದ ಬೀಳಿಸುತ್ತದೆ. ಟಾಪ್ ಫಿಲ್ಟರ್ ಕೂಡ ಹಾಗೇ. ಇವು ಇದ್ದರೆ ಮೋಟರ್ ಬೇರೆ ಬೇಡ. ನೀರಿನ ಮಟ್ಟ ಒಂದಿಂಚು ಕಡಿಮೆ ಇಟ್ಟರೆ ಬೀಳುವ ಎತ್ತರ ಜಾಸ್ತಿಯಾಗಿ ಇನ್ನೂ ಒಳ್ಳೆಯದು. ಸದ್ದು ಮಾತ್ರ ಸ್ವಲ್ಪ ಬರುತ್ತದೆ.

ನೀರೊಳಗೆ ಮುಳುಗಿಸುವ ಪವರ್ ಫಿಲ್ಟರ್ ಆದರೆ ಅದರಿಂದ ನೀರು ಹೊರಬರುವ ಬಾಯಿ ಎಲ್ಲಿದೆ ನೋಡಿ. ತುಂಬಾ ಜನ ಅದನ್ನು ತಳಕ್ಕೆ ಅಂಟಿಸಿಬಿಡುತ್ತಾರೆ. ಕೆಳಗೆ ನೀರು ರಭಸವಾಗಿ ಹೋಗುತ್ತಿರುತ್ತದೆ, ಮೇಲೆ ಕನ್ನಡಿಯ ಹಾಗೆ ಸುಮ್ನೆ ನಿಂತಿರುತ್ತದೆ. ಬಾಯಿಯನ್ನು ಮೇಲ್ಮೈಯ ಹತ್ತಿರಕ್ಕೆ ತಂದು ಸ್ವಲ್ಪ ಮೇಲ್ಮುಖ ಮಾಡಿದರೆ ಕೆಲಸ ಮುಗಿಯಿತು, ದುಡ್ಡು ಖರ್ಚಿಲ್ಲ. ಟ್ಯಾಂಕಿನ ಹೊರಗಿಡುವ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಇಟ್ಟವರಿಗೂ ಇದೇ ಮಾತು.

ಸ್ಪಾಂಜ್ ಫಿಲ್ಟರ್ ಇಟ್ಟವರಿಗೆ ಈ ಪ್ರಶ್ನೆಯೇ ಇಲ್ಲ. ಅದು ನಡೆಯುವುದೇ ಏರ್ ಮೋಟರಿನಿಂದ. ನನ್ನನ್ನು ಕೇಳಿದರೆ ಟ್ಯೂಬಿನ ತುದಿಗೆ ಬರೀ ಏರ್ ಸ್ಟೋನ್ (ಸಣ್ಣ ತೂತುಗಳ ಕಲ್ಲು) ಹಾಕಿ ಗುಳ್ಳೆ ಬಿಡುವ ಬದಲು ಅದೇ ಮೋಟರಿಗೆ ಒಂದು ಸ್ಪಾಂಜ್ ಫಿಲ್ಟರ್ ಸಿಕ್ಕಿಸಿ. ಗಾಳಿಯೂ ಆಯಿತು, ಶುದ್ಧ ಮಾಡುವ ಬ್ಯಾಕ್ಟೀರಿಯಾಗಳಿಗೆ ಮನೆಯೂ ಆಯಿತು. ಆ ಬ್ಯಾಕ್ಟೀರಿಯಾಗಳಿಗೂ ಆಕ್ಸಿಜನ್ ಬೇಕು ಅನ್ನುವುದನ್ನು ನಾವು ಮರೆತೇಬಿಡುತ್ತೇವೆ. ಮೀನಿನ ಗಲೀಜಿನಿಂದ ಬರುವ ಅಮೋನಿಯಾ ಎಂಬ ವಿಷವನ್ನು ಅವು ಬೇರೆ ರೂಪಕ್ಕೆ ತಿರುಗಿಸುವುದು ಆಕ್ಸಿಜನ್ ಬಳಸಿಯೇ.

ಮೋಟರ್ ಬೇಕೇ ಬೇಕು ಅನ್ನುವ ಸಂದರ್ಭ ಯಾವುದು?

ಒಂದು, ಗೋಲ್ಡ್‌ಫಿಶ್. ಅವು ತಣ್ಣೀರಿನ ಮೀನು. ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ, ಆಕ್ಸಿಜನ್ನೂ ಜಾಸ್ತಿ ಬೇಕು. ಪುಟ್ಟ ಟ್ಯಾಂಕಿನಲ್ಲಿ ನಾಲ್ಕೈದು ಹಾಕಿಟ್ಟವರಿಗೆ ನಾನು ಮೋಟರ್ ಬೇಡ ಅಂತ ಯಾವತ್ತೂ ಹೇಳುವುದಿಲ್ಲ. ಮೀನು ಕಡಿಮೆ ಮಾಡಿ ಅಂತ ಮಾತ್ರ ಹೇಳುತ್ತೇನೆ, ಅದನ್ನು ಯಾರೂ ಕೇಳುವುದಿಲ್ಲ.

ಎರಡು, ನಮ್ಮೂರಿನ ಮಾರ್ಚ್, ಏಪ್ರಿಲ್, ಮೇ. ನೀರು ಬಿಸಿಯಾದಷ್ಟೂ ಅದರಲ್ಲಿ ಹಿಡಿಸುವ ಆಕ್ಸಿಜನ್ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಇರುವುದು 30 ಡಿಗ್ರಿಗೆ ಬಂದಾಗ 7.6ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿಗೆ ಮೀನಿನ ಮೈ ಚುರುಕಾಗಿ ಆಕ್ಸಿಜನ್ ಖರ್ಚು ಏರುತ್ತದೆ. ಅಂದರೆ ಬರುವುದು ಕಡಿಮೆ, ಹೋಗುವುದು ಜಾಸ್ತಿ. ಬೆಂಗಳೂರಿನಲ್ಲಿ ಮೋಟರ್ ಇಲ್ಲದೆ ಆರಾಮಾಗಿದ್ದ ಟ್ಯಾಂಕ್ ಮಂಗಳೂರಿಗೆ ಮನೆ ಬದಲಾಯಿಸಿದ ಮೇಲೆ ತೊಂದರೆ ಕೊಟ್ಟರೆ ಆಶ್ಚರ್ಯವಿಲ್ಲ. ಟ್ಯಾಂಕಿನ ಮೇಲೆ ಸಣ್ಣ ಫ್ಯಾನ್ ಇಟ್ಟು ತಣ್ಣಗೆ ಮಾಡುವವರಿದ್ದಾರೆ. ನೀರು ಆವಿಯಾದರೆ ತಾನೆ ತಣ್ಣಗಾಗುವುದು? ಕರಾವಳಿಯ ಈ ಬೆವರುವ ಹವೆಯಲ್ಲಿ ಒಣ ಊರುಗಳಲ್ಲಿ ಆದಷ್ಟು ಪ್ರಯೋಜನ ಆಗುವುದಿಲ್ಲ. ಆದರೂ ಫ್ಯಾನಿನ ಗಾಳಿಗೆ ನೀರಿನ ಮುಖ ಅಲುಗುತ್ತದಲ್ಲ, ಅದು ಲಾಭ.

ಮೂರು, ಔಷಧಿ ಹಾಕಿದಾಗ. ಬಿಳಿ ಚುಕ್ಕೆ ರೋಗಕ್ಕೆ ಹೀಟರ್ ಹಾಕಿ ನೀರು ಬಿಸಿ ಮಾಡುತ್ತೇವೆ, ಆಕ್ಸಿಜನ್ ಇಳಿಯುತ್ತದೆ. ಫಾರ್ಮಲಿನ್ ಇರುವ ಔಷಧಿ ಆದರೆ ಅದೂ ನೀರಿನ ಆಕ್ಸಿಜನ್ ತಿನ್ನುತ್ತದೆ. ಮೋಟರ್ ಇಲ್ಲದವರೂ ಆ ನಾಲ್ಕು ದಿನಕ್ಕೆ ಎರವಲು ತಂದಾದರೂ ಹಾಕಿ.

ಆಸ್ಕರ್, ಫ್ಲವರ್‌ಹಾರ್ನ್‌ನಂಥ ದೊಡ್ಡ ಮೀನುಗಳು, ಹೊಳೆಯ ಓಡುವ ನೀರಿನಲ್ಲಿ ಹುಟ್ಟಿ ಬೆಳೆದ ಮಿಸ್ ಕೇರಳದಂಥವು ಇದ್ದರೂ ನೀರು ಚೆನ್ನಾಗಿ ತಿರುಗುತ್ತಿರಬೇಕು.

ಫೈಟರ್ ಮೀನಿಗೆ?

ಬೇಡ. ಅದಕ್ಕೆ ತಲೆಯೊಳಗೆ ಗಾಳಿಯಿಂದ ನೇರ ಉಸಿರಾಡುವ ಬೇರೆಯೇ ಅಂಗ ಇದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗುವುದು ಅದರ ಸ್ವಭಾವ. ಗೌರಾಮಿಗಳೂ ಅದೇ ಜಾತಿ. ಮೋಟರ್ ಜೋರಾಗಿ ಬಿಟ್ಟರೆ ಆ ಉದ್ದ ಬಾಲ ಹೊತ್ತುಕೊಂಡು ಈಜಲಾರದೆ ಸುಸ್ತಾಗುತ್ತದೆ. ಆದರೆ ಗಾಳಿ ಕುಡಿಯುತ್ತದೆ ಅಂತ ಹಾರ್ಲಿಕ್ಸ್ ಬಾಟಲಿಯಲ್ಲಿ ಇಡಬೇಡಿ. ಆಕ್ಸಿಜನ್ ಸಮಸ್ಯೆ ಇಲ್ಲದಿದ್ದರೂ ಅಮೋನಿಯಾ ಸಮಸ್ಯೆ ಇದ್ದೇ ಇದೆ. ಮತ್ತೆ ನೀರಿನ ಮೇಲೆ ಸ್ವಲ್ಪ ಜಾಗ ಖಾಲಿ ಬಿಡಿ, ಕಂಠದವರೆಗೆ ತುಂಬಿಸಿ ಮುಚ್ಚಳ ಹಾಕಿದರೆ ಅದು ಗಾಳಿ ಕುಡಿಯುವುದೆಲ್ಲಿಂದ?

ಗಿಡ ಹಾಕಿದರೆ ಮೋಟರ್ ಬೇಡ ಅಂತಾರೆ. ನಿಜವಾ?

ಅರ್ಧ ನಿಜ. ಮೋಟರ್ ಹುಟ್ಟುವ ಮೊದಲೂ ಜನ ಮೀನು ಸಾಕುತ್ತಿದ್ದರು. 1850ರ ಸುಮಾರಿಗೆ ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ, ಬಸವನಹುಳು ಮೂರನ್ನೂ ಒಟ್ಟಿಗೆ ಇಟ್ಟು, ಮೀನು ಬಿಟ್ಟದ್ದು ಗಿಡಕ್ಕೆ, ಗಿಡ ಬಿಟ್ಟದ್ದು ಮೀನಿಗೆ ಅಂತ ತೋರಿಸಿದ್ದ. ಅದೇ ವ್ಯಾಲಿಸ್ನೇರಿಯಾ ಈಗ ನನ್ನ ಗಪ್ಪಿ ಟ್ಯಾಂಕಿನಲ್ಲೂ ಹುಲ್ಲಿನ ಹಾಗೆ ಎದ್ದಿದೆ.

ಇನ್ನರ್ಧ ರಾತ್ರಿಯದು. ಬೆಳಕಿದ್ದಾಗ ಗಿಡ ಆಕ್ಸಿಜನ್ ಕೊಡುತ್ತದೆ, ಕತ್ತಲಾದ ಮೇಲೆ ಅದೂ ನಮ್ಮ ಹಾಗೆ ಆಕ್ಸಿಜನ್ ತೆಗೆದುಕೊಳ್ಳುತ್ತದೆ. ಹಾಗಾಗಿ ಗಿಡ ಜಾಸ್ತಿ ಇರುವ ಟ್ಯಾಂಕಿನಲ್ಲಿ ಆಕ್ಸಿಜನ್ ತೀರಾ ಕಡಿಮೆ ಇರುವುದು ಬೆಳಗಿನ ಜಾವ. ಮಧ್ಯಾಹ್ನ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಒಂದು ದಿನ ಲೈಟ್ ಹಾಕುವ ಮೊದಲು, ಕಾಫಿಗಿಂತ ಮೊದಲು ಹೋಗಿ ನೋಡಿ. ಆಗ ಮೀನು ಆರಾಮಾಗಿ ನಡುವಿನಲ್ಲಿ ತೇಲುತ್ತಿದ್ದರೆ ನಿಮ್ಮ ಟ್ಯಾಂಕಿಗೆ ಮೋಟರ್ ಬೇಡ.

ಅಂತರಗಂಗೆಯಂಥ ತೇಲುವ ಗಿಡ ಮಾತ್ರ ಹುಷಾರು. ಕೆರೆ ಮುಚ್ಚುವ ಹಾಗೆ ಟ್ಯಾಂಕನ್ನೂ ಮುಚ್ಚುತ್ತದೆ, ಆಗ ಮೇಲ್ಮೈಯಿಂದ ಗಾಳಿ ಇಳಿಯುವ ದಾರಿಯೇ ಕಟ್ಟುತ್ತದೆ. ಅರ್ಧ ಜಾಗವಾದರೂ ತೆರೆದಿಡಿ. ಗಿಡಕ್ಕೆಂದು ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಡುವವರು ಹಗಲು ಮೋಟರ್ ಹಾಕಿದರೆ ಬಿಟ್ಟ ಗ್ಯಾಸ್ ಹಾರಿಹೋಗುತ್ತದೆ. ಅವರು ರಾತ್ರಿ ಮಾತ್ರ ಹಾಕಿಕೊಂಡರೆ ಸರಿ.

ರಾತ್ರಿ ಸದ್ದು ಬರುತ್ತದೆ, ಆಫ್ ಮಾಡಬಹುದಾ?

ಮೇಲೆ ಹೇಳಿದ್ದು ಓದಿದರೆ ಉತ್ತರ ಸಿಕ್ಕಿರುತ್ತದೆ. ಆಫ್ ಮಾಡಲೇಬೇಕಿದ್ದರೆ ಹಗಲು ಮಾಡಿ. ಸ್ಪಾಂಜ್ ಫಿಲ್ಟರ್ ಇದ್ದರೆ ಹಗಲೂ ಬೇಡ.

ಬೆಳಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಆಡಿಸುತ್ತಿವೆ. ಏನು ಮಾಡಲಿ?

ಇದು ನಮ್ಮ ಮನೆಯಲ್ಲೇ ಆಗಿದೆ. ಮೇ ತಿಂಗಳ ಒಂದು ರಾತ್ರಿ, ಜೋರು ಗುಡುಗು ಸಿಡಿಲು. ಈ ಕಡೆಯ ಎಲ್ಲ ಮನೆಗಳ ಪದ್ಧತಿಯಂತೆ ಅಮ್ಮ ಟಿವಿ, ಫ್ರಿಜ್, ವೈಫೈ ಎಲ್ಲದರ ಪ್ಲಗ್ ಕಿತ್ತರು. ಅದರಲ್ಲಿ ಮೋಟರಿನದೂ ಒಂದು. ಗುಡುಗು ನಿಂತ ಮೇಲೆ ಫ್ರಿಜ್ ನೆನಪಾಯಿತು, ಮೋಟರ್ ಮರೆತುಹೋಯಿತು. ಬೆಳಗ್ಗೆ ಆರು ಗಂಟೆಗೆ ಚಾವಡಿಗೆ ಬಂದರೆ ಐದು ಗೋಲ್ಡ್‌ಫಿಶ್‌ಗಳಲ್ಲಿ ನಾಲ್ಕು ಒಂದೇ ಮೂಲೆಯಲ್ಲಿ ಮೂತಿ ಮೇಲೆತ್ತಿ ನಿಂತಿವೆ. ಪುಚ್ ಪುಚ್ ಅಂತ ನೀರು ಹೀರುವ ಸದ್ದು ಕೇಳಿಸುತ್ತಿತ್ತು. ಐದನೆಯದು ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು.

ನಾನು ಪ್ಲಗ್ ಹುಡುಕುವಷ್ಟರಲ್ಲಿ ಅಮ್ಮ ಚೊಂಬು ತಂದು ಟ್ಯಾಂಕಿನ ನೀರನ್ನೇ ಮೊಗೆದು ಒಂದಡಿ ಎತ್ತರದಿಂದ ಸುರಿಯಲು ಶುರುಮಾಡಿದ್ದರು. ಹೋಟೆಲಿನಲ್ಲಿ ಚಾ ಆರಿಸುತ್ತಾರಲ್ಲ, ಹಾಗೆ. ಇಪ್ಪತ್ತು ನಿಮಿಷದಲ್ಲಿ ನಾಲ್ಕೂ ಕೆಳಗಿಳಿದವು. ಐದನೆಯದು ಉಳಿಯಲಿಲ್ಲ. ಅಮ್ಮ ಈಗಲೂ ತನ್ನಿಂದಾಯಿತು ಅಂತಾರೆ. ಎರಡಡಿ ಟ್ಯಾಂಕಿನಲ್ಲಿ ಐದು ಗೋಲ್ಡ್‌ಫಿಶ್ ಹಾಕಿದ್ದು ನಾನು. ಇನ್ನೊಂದು ಟ್ಯಾಂಕಿನ ಗಪ್ಪಿಗಳಿಗೆ ಅದೇ ರಾತ್ರಿ ಏನೂ ಆಗಿರಲಿಲ್ಲ. ಈಗ ಮೋಟರಿನ ವಯರಿಗೆ ಒಂದು ಕೆಂಪು ದಾರ ಕಟ್ಟಿದೆ, ಕಿತ್ತವರಿಗೆ ನೆನಪಿರಲಿ ಅಂತ.

ಹಾಗಾದಾಗ ಮೊದಲು ನೀರು ಅಲುಗಿಸಿ, ಆಮೇಲೆ ಕಾಲು ಭಾಗ ನೀರು ಬದಲಾಯಿಸಿ. ಗಾಳಿ ಹಾಕಿದ ಮೇಲೂ ಏದುಸಿರು ನಿಲ್ಲದಿದ್ದರೆ ತೊಂದರೆ ಬೇರೆ. ಹೊಸ ಟ್ಯಾಂಕಿನಲ್ಲಿ ಅಮೋನಿಯಾ ಕಿವಿರನ್ನು ಸುಡುತ್ತದೆ. ಬ್ಯಾಕ್ಟೀರಿಯಾಗಳು ಅಮೋನಿಯಾದಿಂದ ಮಾಡುವ ನೈಟ್ರೈಟ್ ಏರಿದರೆ ಮೀನಿನ ರಕ್ತವೇ ಆಕ್ಸಿಜನ್ ಹೊರಲಾರದ ಹಾಗೆ ಆಗುತ್ತದೆ, ಕಿವಿರು ಕೆಂಪು ಬಿಟ್ಟು ಕಂದು ತಿರುಗುತ್ತದೆ. ನೀರಿನ ತುಂಬ ಆಕ್ಸಿಜನ್ ಇದ್ದರೂ ಮೀನಿಗೆ ಉಸಿರಿಲ್ಲ. ಅದಕ್ಕೆ ಮದ್ದು ನೀರು ಬದಲಾಯಿಸುವುದೇ, ಎರಡನೇ ಮೋಟರ್ ತರುವುದಲ್ಲ.

ಕರೆಂಟ್ ಹೋದರೆ?

ಮಳೆಗಾಲದಲ್ಲಿ ತೆಂಗಿನ ಮರ ತಂತಿ ಮೇಲೆ ಬಿದ್ದರೆ ಯಾವಾಗ ಬರುತ್ತದೆ ಹೇಳಲಾಗುವುದಿಲ್ಲ. ಮಳೆಗಾಲದಲ್ಲಿ ನೀರು ತಣ್ಣಗಿರುವುದು ಒಂದು ಪುಣ್ಯ. ಮೀನು ಮಿತವಾಗಿದ್ದರೆ ಕೆಲವು ಗಂಟೆ ಏನೂ ಆಗುವುದಿಲ್ಲ. ಫುಡ್ ಹಾಕಬೇಡಿ, ಮುಚ್ಚಳ ತೆರೆದಿಡಿ, ಗಂಟೆಗೊಮ್ಮೆ ಹತ್ತಿಪ್ಪತ್ತು ಚೊಂಬು ಮೊಗೆದು ಸುರಿಯಿರಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೋಟರನ್ನು ಅದರ ಲೈನಿಗೆ ಹಾಕಿಬಿಡಿ, ಅದು ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಸಣ್ಣ ಯುಎಸ್‌ಬಿ ಮೋಟರ್ ಕೂಡ ಸಿಗುತ್ತದೆ. ನನ್ನ ಹತ್ತಿರ ಒಂದಿದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕಿನ ಪಕ್ಕದಲ್ಲೇ ಕೂತಿರುತ್ತದೆ.

ಬೇಸಿಗೆಯಲ್ಲಿ ಕರೆಂಟ್ ಹೋದರೆ ಮುಚ್ಚಳ ಬಿಗಿಯಾದ ಬಾಟಲಿಯಲ್ಲಿ ಮಂಜುಗಡ್ಡೆ ಮಾಡಿ ತೇಲಿಬಿಡಬಹುದು. ಮಂಜುಗಡ್ಡೆ ನೇರ ಹಾಕಬೇಡಿ. ನೀರು ಒಮ್ಮೆಲೇ ತಣ್ಣಗಾದರೆ ಅದೂ ಅಪಾಯ.

ಬಾವಿ ನೀರು ಒಳ್ಳೆಯದಲ್ವಾ? ಕ್ಲೋರಿನ್ ಇಲ್ಲ.

ಕ್ಲೋರಿನ್ ಇಲ್ಲ, ನಿಜ. ಆದರೆ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಾವಿಗಳ ನೀರಿನಲ್ಲಿ ಸಾಮಾನ್ಯವಾಗಿ ಹುಳಿ ಅಂಶ ಇರುತ್ತದೆ. ನೆಲದಡಿಯಿಂದ ಆಗಷ್ಟೇ ಬಂದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಆಕ್ಸಿಜನ್ ಕಡಿಮೆ ಇರುವುದೂ ಉಂಟು. ಪಂಪ್ ಹಾಕಿ ಪೈಪಿನಿಂದ ನೇರ ಟ್ಯಾಂಕಿಗೆ ಬಿಟ್ಟರೆ ಮೀನಿಗೆ ಎರಡೂ ಕಡೆಯಿಂದ ಪೆಟ್ಟು. ನಾನು ಬದಲಾಯಿಸುವ ನೀರನ್ನು ಹಿಂದಿನ ರಾತ್ರಿಯೇ ಬಕೆಟಿಗೆ ತುಂಬಿಸಿ ಅದರೊಳಗೆ ಏರ್ ಸ್ಟೋನ್ ಬಿಟ್ಟು ಮಲಗುತ್ತೇನೆ. ಗ್ಯಾಸ್ ಹೊರಹೋಗಿ ಬೆಳಗ್ಗೆಗೆ ಪಿಎಚ್ ಸ್ವಲ್ಪ ಮೇಲೇರಿರುತ್ತದೆ, ಅಂದರೆ ಹುಳಿ ಅಂಶ ಕಡಿಮೆಯಾಗಿರುತ್ತದೆ. ಮೋಟರಿನ ಅತಿ ಒಳ್ಳೆಯ ಉಪಯೋಗ ಟ್ಯಾಂಕಿನಲ್ಲಿ ಅಲ್ಲ, ಬಕೆಟಿನಲ್ಲಿ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಮಂಗಳೂರಿನವರಿಗೆ ತುಂಬೆ ಅಣೆಕಟ್ಟಿನಿಂದ, ಉಡುಪಿ ಪೇಟೆಯವರಿಗೆ ಬಜೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರಿಗೂ ಇದೇ ಉಪಾಯ. ಒಂದು ರಾತ್ರಿ ಗುಳ್ಳೆ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ.

ಮೋಟರ್ ಎಲ್ಲಿಡಬೇಕು?

ನೀರಿನ ಮಟ್ಟಕ್ಕಿಂತ ಮೇಲೆ. ಆಗದಿದ್ದರೆ ಟ್ಯೂಬಿಗೆ ಚೆಕ್ ವಾಲ್ವ್ ಹಾಕಿ. ಕರೆಂಟ್ ಹೋದ ಕೂಡಲೇ ಟ್ಯೂಬಿನಲ್ಲಿ ಗಾಳಿಯ ಒತ್ತಡ ನಿಲ್ಲುತ್ತದೆ, ನೀರು ಹಿಂದಕ್ಕೆ ನುಗ್ಗುತ್ತದೆ. ಮೋಟರ್ ಕೆಳಗಿದ್ದರೆ ಪೆಟ್ರೋಲ್ ಟ್ಯೂಬಿನಲ್ಲಿ ಎಳೆದ ಹಾಗೆ ಟ್ಯಾಂಕಿನ ನೀರು ಮೋಟರಿನೊಳಗೆ, ಅಲ್ಲಿಂದ ನೆಲಕ್ಕೆ, ನೆಲದಿಂದ ಪ್ಲಗ್ ಬೋರ್ಡಿಗೆ. ಚೆಕ್ ವಾಲ್ವಿಗೆ ಒಂದು ಮಸಾಲೆ ದೋಸೆಯ ದುಡ್ಡೂ ಆಗುವುದಿಲ್ಲ. ಹಾಕುವ ಮೊದಲು ಊದಿ ನೋಡಿ, ಗಾಳಿ ಒಂದೇ ಕಡೆಗೆ ಹೋಗಬೇಕು. ಹೋಗುವ ಬದಿ ಟ್ಯಾಂಕಿನ ಕಡೆಗೆ.

ಮೋಟರ್ ತುಂಬಾ ಸದ್ದು ಮಾಡುತ್ತದೆ. ಗುಳ್ಳೆಯೂ ಕಡಿಮೆಯಾಗಿದೆ.

ಸದ್ದಿಗೆ ಕೆಳಗೊಂದು ಹಳೆಯ ಸ್ಪಾಂಜೋ ಮಡಚಿದ ಬಟ್ಟೆಯೋ ಇಡಿ, ಗೋಡೆಗೆ ತಾಗದಿರಲಿ. ಗುಳ್ಳೆ ಕಡಿಮೆಯಾದರೆ ಮೊದಲು ಏರ್ ಸ್ಟೋನ್ ತೆಗೆದು ಬರೀ ಟ್ಯೂಬಿನಲ್ಲಿ ನೋಡಿ. ಗಾಳಿ ಜೋರಾಗಿ ಬಂದರೆ ಸ್ಟೋನ್ ಕಟ್ಟಿದೆ, ಹೊಸದು ಹಾಕಿ. ಬರದಿದ್ದರೆ ಮೋಟರ್ ಬಿಚ್ಚಿ ಒಳಗಿನ ರಬ್ಬರ್ ಹರಿದಿದೆಯಾ ನೋಡಿ, ಬಿಡಿ ರಬ್ಬರ್ ಸಿಗುತ್ತದೆ. ಕೆಲವದರ ಅಡಿಯಲ್ಲಿ ಗಾಳಿ ಒಳಹೋಗುವಲ್ಲಿ ಒಂದು ಸಣ್ಣ ಬಟ್ಟೆ ಚೂರು ಇರುತ್ತದೆ. ಧೂಳು ಕಟ್ಟಿದ್ದರೆ ಅದನ್ನು ತೊಳೆದರೇ ಸಾಕಾಗಬಹುದು. ಬಿಚ್ಚುವ ಮೊದಲು ಪ್ಲಗ್ ತೆಗೆಯಿರಿ ಅಂತ ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ.

ಗಾಳಿ ಜಾಸ್ತಿಯಾಯಿತು ಅಂತ ಟ್ಯೂಬನ್ನು ಹಿಚುಕಿ ಕಟ್ಟಬೇಡಿ, ರಬ್ಬರಿನ ಮೇಲೆ ಒತ್ತಡ ಬಿದ್ದು ಬೇಗ ಹಾಳಾಗುತ್ತದೆ. ಟ್ಯೂಬಿನ ನಡುವೆ ಟಿ ಆಕಾರದ ಒಂದು ಜೋಡಣೆ ಹಾಕಿ ಹೆಚ್ಚಾದ ಗಾಳಿಯನ್ನು ಹೊರಗೆ ಬಿಡಿ.

ಕರೆಂಟ್ ಬಿಲ್ ಎಷ್ಟು ಬರುತ್ತದೆ?

3 ವ್ಯಾಟ್ ಮೋಟರ್ ತಿಂಗಳಿಡೀ ಓಡಿದರೆ 2 ಯೂನಿಟ್‌ಗಿಂತ ತುಸು ಜಾಸ್ತಿ. 5 ವ್ಯಾಟ್ ಆದರೆ 3.6 ಯೂನಿಟ್.

ಆಕ್ಸಿಜನ್ ಜಾಸ್ತಿಯಾಗಿ ಮೀನಿಗೆ ತೊಂದರೆ ಆಗುತ್ತಾ?

ಮನೆಯ ಮೋಟರಿನಿಂದ ಆಗುವುದಿಲ್ಲ. ನೀರಿಗೆ ಹಿಡಿಸುವಷ್ಟು ಹಿಡಿಸಿ ಉಳಿದದ್ದು ಹೊರಗೆ ಹೋಗುತ್ತದೆ. ತೊಂದರೆ ಆಗುವುದಾದರೆ ನೀರಿನ ರಭಸದಿಂದ.

ದುಂಡು ಬೌಲಿನಲ್ಲಿ ಎರಡು ಮೀನು ಇದೆ, ಅದಕ್ಕೆ?

ಬೌಲನ್ನು ಬಾಯಿಯವರೆಗೆ ತುಂಬಿಸಬೇಡಿ. ಹೊಟ್ಟೆ ಅಗಲವಾಗಿರುವಲ್ಲಿ ನಿಲ್ಲಿಸಿದರೆ ಗಾಳಿ ತಾಗುವ ಜಾಗ ಜಾಸ್ತಿ ಸಿಗುತ್ತದೆ. ಅದೇ ಕಾರಣಕ್ಕೆ ಎತ್ತರದ ಕಿರಿದಾದ ಟ್ಯಾಂಕಿಗಿಂತ ಉದ್ದ ಅಗಲ ಇರುವ ತಗ್ಗು ಟ್ಯಾಂಕ್ ಒಳ್ಳೆಯದು, ಎರಡರಲ್ಲೂ ಅಷ್ಟೇ ಲೀಟರ್ ನೀರಿದ್ದರೂ. ನೀರಿನ ಮೇಲೆ ಎಣ್ಣೆಯ ಪದರದಂಥದ್ದು ಕಟ್ಟಿದ್ದರೆ ಒಂದು ಟಿಶ್ಯೂ ಪೇಪರನ್ನು ಅಗಲಕ್ಕೆ ಹಾಸಿ ಎತ್ತಿ, ಅಂಟಿಕೊಂಡು ಬರುತ್ತದೆ. ಎರಡು ಮೀನು ಗೋಲ್ಡ್‌ಫಿಶ್ ಆದರೆ ದಯವಿಟ್ಟು ಬೌಲ್ ಬಿಟ್ಟು ದೊಡ್ಡ ಟ್ಯಾಂಕ್ ತನ್ನಿ.

ಆಕ್ಸಿಜನ್ ಮಾತ್ರೆ ಹಾಕಿದರೆ ಸಾಕಾ?

ದೂರ ಸಾಗಿಸುವಾಗ, ತುರ್ತಿಗೆ ಸರಿ. ದಿನಾ ಹಾಕಿ ಮೀನು ಸಾಕುವುದಕ್ಕಲ್ಲ.

ಮಲ್ಪೆಯಿಂದ ಸಮುದ್ರದ ನೀರು ತಂದು ಸಮುದ್ರದ ಮೀನು ಸಾಕಬಹುದಾ? ಅದಕ್ಕೂ ಇದೇ ಮೋಟರಾ?

ಮಕ್ಕಳಿದ್ದ ಮನೆಯವರೆಲ್ಲ ಒಮ್ಮೆಯಾದರೂ ಕೇಳುತ್ತಾರೆ. ಉಪ್ಪು ನೀರಿನಲ್ಲಿ ಆಕ್ಸಿಜನ್ ಹಿಡಿಸುವುದು ಇನ್ನೂ ಕಡಿಮೆ. 25 ಡಿಗ್ರಿಯಲ್ಲಿ ಸಿಹಿ ನೀರಿಗೆ 8.3 ಮಿಲಿಗ್ರಾಂ ಆದರೆ ಸಮುದ್ರದ ನೀರಿಗೆ ಸುಮಾರು 6.7. ಅಲ್ಲಿ ಬರೀ ಗುಳ್ಳೆ ಸಾಲದು, ಅಲೆಯ ಹಾಗೆ ನೀರು ತಳ್ಳುವ ಪಂಪ್, ನೊರೆಯ ಜೊತೆ ಗಲೀಜು ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಎಲ್ಲ ಬೇಕು. ದಡದ ಹತ್ತಿರದ ನೀರಿನಲ್ಲಿ ದೋಣಿಯ ಡೀಸೆಲ್, ಮಳೆಗಾಲದಲ್ಲಿ ಹೊಳೆಯ ಕೆಸರು ಬೇರೆ. ಮೊದಲು ಒಂದೆರಡು ವರ್ಷ ಗಪ್ಪಿ ಸಾಕಿ, ಆಮೇಲೆ ಮಾತಾಡೋಣ.